ಮಗುವನ್ನು ಮಲಗಿಸಿ ಹೃದಯಕ್ಕೆ ಚಿಕಿತ್ಸೆ: ಓದುಗರ ಪ್ರಶ್ನೆ, ಅರಿವಳಿಕೆ ತಜ್ಞರ ಉತ್ತರ

ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಅನೇಕ ಮಕ್ಕಳಿಗೆ ಈಗ ಎದೆ ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ ಪರೀಕ್ಷೆ ಅಥವಾ ಚಿಕಿತ್ಸೆ ಮಾಡಲಾಗುತ್ತದೆ. ಇದನ್ನೇ ‘ಕ್ಯಾಥ್’ ಎನ್ನುತ್ತಾರೆ, ಅದು ನಡೆಯುವ ಕೋಣೆ ‘ಕ್ಯಾಥ್ ಲ್ಯಾಬ್’. ಆ ಹೊತ್ತಿನಲ್ಲಿ ಮಗುವನ್ನು ಹೇಗೆ ಮಲಗಿಸುತ್ತಾರೆ, ಅದರಲ್ಲಿ ಅಪಾಯವೆಷ್ಟು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ತೂತಿದೆ, ಡಿವೈಸ್ ಎಂಬ ಮುಚ್ಚಳದಂತಹ ಸಾಧನ ಹಾಕಿ ಮುಚ್ಚಬೇಕು ಎಂದಿದ್ದಾರೆ. ಪಕ್ಕದ ಮನೆಯ ಹುಡುಗನಿಗೆ ಇದೇ ಚಿಕಿತ್ಸೆಯನ್ನು ಬರೀ ನಿದ್ದೆ ಔಷಧಿ ಕೊಟ್ಟು ಮಾಡಿದರಂತೆ. ನಮ್ಮ ಮಗಳಿಗೆ ಮಾತ್ರ ಪೂರ್ತಿ ಅರಿವಳಿಕೆ ಕೊಟ್ಟು ಗಂಟಲಿಗೆ ನಳಿಕೆ ಹಾಕುತ್ತೇವೆ ಎನ್ನುತ್ತಿದ್ದಾರೆ. ಅವಳ ಸ್ಥಿತಿ ಅಷ್ಟು ಗಂಭೀರವಾಗಿದೆಯೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಇಲ್ಲ, ಹಾಗೆ ಭಾವಿಸುವ ಅಗತ್ಯವಿಲ್ಲ. ಗಂಟಲಿಗೆ ನಳಿಕೆ ಹಾಕುವ ನಿರ್ಧಾರಕ್ಕೂ ಕಾಯಿಲೆಯ ತೀವ್ರತೆಗೂ ನೇರ ಸಂಬಂಧವಿಲ್ಲ. ಮೇಲಿನ ಕೋಣೆಗಳ ನಡುವಿನ ತೂತನ್ನು ಮುಚ್ಚುವಾಗ ಅದರ ಅಂಚುಗಳು ಎಲ್ಲಿ ಗಟ್ಟಿಯಾಗಿವೆ, ಎಲ್ಲಿ ತೆಳುವಾಗಿವೆ ಎಂಬುದನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಅದಕ್ಕಾಗಿ ಅನ್ನನಾಳದೊಳಕ್ಕೆ, ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೋರಿಸುವ ಎಕೋ ಸಾಧನವನ್ನು ಇಳಿಸಿ, ಚಿಕಿತ್ಸೆ ಮುಗಿಯುವವರೆಗೂ ಅಲ್ಲೇ ಇರಿಸಲಾಗುತ್ತದೆ. ಪುಟ್ಟ ಮಗುವಿನ ಅನ್ನನಾಳದಲ್ಲಿರುವ ಆ ಸಾಧನ ಮುಂದಿನ ಶ್ವಾಸನಾಳವನ್ನು ಒತ್ತಬಲ್ಲದು. ಉಸಿರಿನ ದಾರಿಗೆ ನಳಿಕೆ ಹಾಕಿ ಭದ್ರಪಡಿಸಿಕೊಳ್ಳುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಇದಲ್ಲದೆ, ಡಿವೈಸನ್ನು ತೂತಿನಲ್ಲಿ ಕೂರಿಸಿ ಕೊನೆಯ ತಂತಿಯಿಂದ ಬಿಡಿಸುವ ಕ್ಷಣದಲ್ಲಿ ಮಗು ಕೆಮ್ಮಿದರೆ ಅಥವಾ ಕಾಲು ಜಾಡಿಸಿದರೆ ಅದು ಜಾಗ ತಪ್ಪಬಹುದು.

ಪಕ್ಕದ ಮನೆಯ ಹುಡುಗನಿಗೆ ಇದ್ದದ್ದು ಬೇರೆಯೇ ತೊಂದರೆಯಾಗಿರಬಹುದು. ಮಹಾಪಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ಹುಟ್ಟಿದ ಮೇಲೂ ಮುಚ್ಚದೆ ಉಳಿದ ನಾಳವನ್ನೂ ನಮ್ಮ ಜನ ‘ಹೃದಯದ ತೂತು’ ಎಂದೇ ಕರೆಯುತ್ತಾರೆ. ಅದನ್ನು ಮುಚ್ಚಲು ಎಕ್ಸ್‌ರೇ ಚಿತ್ರವೇ ಬಹುಮಟ್ಟಿಗೆ ಸಾಕಾಗುತ್ತದೆ, ಅನ್ನನಾಳದ ಎಕೋ ಬೇಕಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಉತ್ತರಗಳೆಲ್ಲ ಅದನ್ನು ಆಧರಿಸಿವೆ. ಮಲಗಿಸುವುದರಲ್ಲಿ ನಾವು ನಾಲ್ಕು ಹಂತಗಳನ್ನು ಗುರುತಿಸುತ್ತೇವೆ. ಮೊದಲನೆಯದರಲ್ಲಿ ಮಗು ಎಚ್ಚರವಿದ್ದರೂ ಅಂಜಿಕೆಯಿಲ್ಲದೆ ಇರುತ್ತದೆ. ಎರಡನೆಯದರಲ್ಲಿ ತೂಕಡಿಸುತ್ತದೆ, ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತದೆ. ಮೂರನೆಯದರಲ್ಲಿ ಕರೆದರೂ ಏಳದು, ನೋವಾದರೆ ಮಾತ್ರ ಮಿಸುಕುತ್ತದೆ, ನಾಲಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುವ ಸಾಧ್ಯತೆ ಇರುತ್ತದೆ. ನಾಲ್ಕನೆಯದು ಪೂರ್ಣ ಅರಿವಳಿಕೆ, ಅಲ್ಲಿ ಉಸಿರಾಟಕ್ಕೆ ನಮ್ಮ ನೆರವು ಬೇಕಾಗುತ್ತದೆ. ಪುಸ್ತಕದಲ್ಲಿ ಇವು ಮೆಟ್ಟಿಲುಗಳಂತೆ ಕಂಡರೂ ಮಕ್ಕಳಲ್ಲಿ ಇದು ಜಾರುಬಂಡೆ. ಎರಡನೆಯ ಹಂತದಲ್ಲಿದೆ ಎಂದುಕೊಂಡ ಮಗು ಎರಡು ನಿಮಿಷದಲ್ಲಿ ಮೂರನೆಯದನ್ನು ದಾಟಿರಬಹುದು. ಐದಾರು ವರ್ಷದೊಳಗಿನ ಮಗು ಎರಡನೆಯ ಹಂತದಲ್ಲಿ ಒಂದು ಗಂಟೆ ಅಲುಗಾಡದೆ ಮಲಗುವುದು ಅಪರೂಪ, ಆದ್ದರಿಂದ ‘ಬರೀ ನಿದ್ದೆ ಔಷಧಿ’ ಎಂದು ಹೇಳುವ ಕಡೆಯಲ್ಲೂ ವಾಸ್ತವವಾಗಿ ಮೂರನೆಯ ಹಂತವೇ ನಡೆಯುತ್ತಿರುತ್ತದೆ. ನಳಿಕೆಯಿಲ್ಲದ ಆಳವಾದ ನಿದ್ದೆಗಿಂತ, ನಳಿಕೆ ಹಾಕಿ ಉಸಿರನ್ನು ಪೂರ್ತಿ ಕೈಗೆ ತೆಗೆದುಕೊಂಡ ಅರಿವಳಿಕೆಯೇ ಕೆಲವು ಮಕ್ಕಳಿಗೆ ಹೆಚ್ಚು ಸುರಕ್ಷಿತ. ನಿಮ್ಮ ಮಗಳ ವಿಷಯದಲ್ಲಿ ವೈದ್ಯರು ಸರಿಯಾದ ದಾರಿಯನ್ನೇ ಆಯ್ದುಕೊಂಡಿದ್ದಾರೆ ಎಂದು ನನಗೆ ತೋರುತ್ತದೆ.

ಪ್ರಶ್ನೆ: ನಾನು ನಿವೃತ್ತ ಶುಶ್ರೂಷಕಿ. ನಮ್ಮ ಕಾಲದಲ್ಲಿ ಮಕ್ಕಳಿಗೆ ಕ್ಯಾಥ್ ಮಾಡುವ ಮೊದಲು ಮೂರು ಔಷಧಿಗಳನ್ನು ಒಂದೇ ಸಿರಿಂಜಿನಲ್ಲಿ ಬೆರೆಸಿ ಸೊಂಟಕ್ಕೆ ಚುಚ್ಚುತ್ತಿದ್ದೆವು. ಈಗಲೂ ಆ ಪದ್ಧತಿ ಇದೆಯೇ?
— ಓದುಗರು, ಉಡುಪಿ

ಉತ್ತರ: ಪೆಥಿಡಿನ್, ಪ್ರೋಮೆಥಜಿನ್, ಕ್ಲೋರ್‌ಪ್ರೊಮಜಿನ್ ಈ ಮೂರರ ಮಿಶ್ರಣವನ್ನು ನೀವು ನೆನಪಿಸಿಕೊಂಡಿದ್ದೀರಿ. 1950ರ ದಶಕದಿಂದ ಹಲವು ದೇಶಗಳ ಕ್ಯಾಥ್ ಲ್ಯಾಬ್‌ಗಳಲ್ಲಿ ಅದು ಬಳಕೆಯಲ್ಲಿತ್ತು. ಅದರ ತೊಂದರೆಯೆಂದರೆ, ಒಮ್ಮೆ ಚುಚ್ಚಿದ ಮೇಲೆ ಹೆಚ್ಚು ಕಡಿಮೆ ಮಾಡುವ ದಾರಿಯೇ ಇರಲಿಲ್ಲ. ಕೆಲವು ಮಕ್ಕಳಿಗೆ ಬೇಕಾದ ಹೊತ್ತಿಗೆ ನಿದ್ದೆ ಬರುತ್ತಿರಲಿಲ್ಲ, ಕೆಲವರು ಕೆಲಸ ಮುಗಿದು ಎಷ್ಟೋ ಗಂಟೆಗಳಾದರೂ ಏಳುತ್ತಿರಲಿಲ್ಲ, ಉಸಿರು ಕುಗ್ಗುವುದೂ ರಕ್ತದೊತ್ತಡ ಇಳಿಯುವುದೂ ಇತ್ತು. 1995ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಈ ಮಿಶ್ರಣವನ್ನು ಮರುಪರಿಶೀಲಿಸಿ, ಇದಕ್ಕಿಂತ ಉತ್ತಮ ಔಷಧಿಗಳಿವೆ ಎಂದು ತಿಳಿಸಿತು. ಈಗ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಟ್ಟು, ಬೇಕಾದಾಗ ನಿಲ್ಲಿಸಬಹುದಾದ ಔಷಧಿಗಳನ್ನೇ ಬಳಸುತ್ತೇವೆ. ಆ ಮಿಶ್ರಣ ಕೊಟ್ಟ ಮಕ್ಕಳ ಪಕ್ಕದಲ್ಲಿ, ಇಂದಿನ ಯಾವ ಮಾನಿಟರ್ ಪರದೆಯೂ ಇಲ್ಲದೆ ನಾಡಿ ಹಿಡಿದು ಕುಳಿತು ಅವರನ್ನು ಕಾಪಾಡಿದವರು ಬಹುಮಟ್ಟಿಗೆ ನಿಮ್ಮಂತಹ ಶುಶ್ರೂಷಕಿಯರೇ ಎಂಬುದನ್ನೂ ಹೇಳಬೇಕು.

ಪ್ರಶ್ನೆ: ನಮ್ಮ ಮಗನಿಗೆ ಹನ್ನೊಂದು ತಿಂಗಳು. ಅತ್ತಾಗ ತುಟಿ, ಉಗುರು ನೀಲಿಯಾಗುತ್ತವೆ. ಫ್ಯಾಲೊ ತೊಂದರೆ ಎಂದಿದ್ದಾರೆ. ಆಪರೇಷನ್‌ಗೆ ಮೊದಲು ಶ್ವಾಸಕೋಶದ ರಕ್ತನಾಳಗಳನ್ನು ನೋಡಲು ಕ್ಯಾಥ್ ಪರೀಕ್ಷೆ ಬೇಕಂತೆ. ರಾತ್ರಿಯಿಂದಲೇ ಏನೂ ಕೊಡಬೇಡಿ ಎಂದು ಊರಿನವರು ಹೇಳುತ್ತಾರೆ. ಹಸಿದರೆ ಅವನು ಅಳುತ್ತಾನೆ, ಅತ್ತರೆ ನೀಲಿಯಾಗುತ್ತಾನೆ. ಏನು ಮಾಡಲಿ?
— ಒಬ್ಬ ತಂದೆ, ಸಿಂಧನೂರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಊರಿನವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಹೊಟ್ಟೆಯಲ್ಲಿ ಹಾಲು ಅಥವಾ ಆಹಾರ ಇದ್ದು, ನಿದ್ದೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂಬುದಕ್ಕಾಗಿ ಉಪವಾಸ ಬೇಕು. ಆದರೆ ಅದಕ್ಕೆ ಲೆಕ್ಕವಿದೆ. ಸಾಮಾನ್ಯವಾಗಿ ಪಾಲಿಸುವ ನಿಯಮದಂತೆ ನೀರು, ಸಕ್ಕರೆ ನೀರಿನಂತಹ ತಿಳಿದ್ರವಗಳನ್ನು 2 ಗಂಟೆ ಮೊದಲಿನವರೆಗೆ, ಎದೆಹಾಲನ್ನು 4 ಗಂಟೆ ಮೊದಲಿನವರೆಗೆ, ಹಸುವಿನ ಹಾಲು, ಡಬ್ಬಿ ಹಾಲು, ರಾಗಿ ಸರಿ ಇವುಗಳನ್ನು 6 ಗಂಟೆ ಮೊದಲಿನವರೆಗೆ ಕೊಡಬಹುದು. ಮಜ್ಜಿಗೆಯಾಗಲಿ, ಗಂಜಿಯಾಗಲಿ ತಿಳಿದ್ರವವಲ್ಲ. ಕೆಲವು ಆಸ್ಪತ್ರೆಗಳಲ್ಲಿ ಈ ಅವಧಿಗಳು ಇನ್ನೂ ಕಡಿಮೆ ಇರಬಹುದು. ನಿಮ್ಮ ಆಸ್ಪತ್ರೆಯವರು ಬರೆದುಕೊಟ್ಟ ಸಮಯವನ್ನೇ ಅನುಸರಿಸಿ.

ನೀಲಿಗಟ್ಟುವ ಮಗುವಿನಲ್ಲಿ ಉದ್ದ ಉಪವಾಸ ಬರೀ ಹಿಂಸೆಯಲ್ಲ, ಅಪಾಯವೂ ಹೌದು. ಆಮ್ಲಜನಕದ ಕೊರತೆಯನ್ನು ಸರಿದೂಗಿಸಲು ಈ ಮಕ್ಕಳ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಂಡಿರುತ್ತದೆ, ರಕ್ತ ಮೊದಲೇ ಮಂದವಾಗಿರುತ್ತದೆ. ನೀರು ಕಡಿಮೆಯಾದರೆ ಇನ್ನಷ್ಟು ಮಂದವಾಗಿ ಹೆಪ್ಪುಗಟ್ಟಬಹುದು. ಆದ್ದರಿಂದ ನಿಮ್ಮ ಮಗುವನ್ನು ಬೆಳಗಿನ ಮೊದಲ ಸರದಿಗೆ ತೆಗೆದುಕೊಳ್ಳುವಂತೆ ಕೇಳಿ. ಸರದಿ ಮುಂದೆ ಹೋಗುತ್ತದೆ ಎಂದಾದರೆ ಸಲೈನ್ ಹಾಕುತ್ತೀರಾ ಎಂದು ಶುಶ್ರೂಷಕಿಯರನ್ನು ಕೇಳಲು ಸಂಕೋಚಪಡಬೇಡಿ.

ಅರಿವಳಿಕೆ ಕೊಡುವವರ ಕಡೆಯಿಂದ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಫ್ಯಾಲೊ ಮಗುವಿನಲ್ಲಿ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿದ್ದು, ಕೆಳಗಿನ ಎರಡು ಕೋಣೆಗಳ ನಡುವೆ ದೊಡ್ಡ ತೂತಿರುತ್ತದೆ. ರಕ್ತ ಶ್ವಾಸಕೋಶದತ್ತ ಹೋಗುತ್ತದೋ, ತೂತಿನ ಮೂಲಕ ಹಾಯ್ದು ಆಮ್ಲಜನಕ ಪಡೆಯದೆಯೇ ದೇಹಕ್ಕೆ ಹೋಗುತ್ತದೋ ಎಂಬುದು ಎರಡೂ ಕಡೆಯ ತಡೆಯ ತೂಕವನ್ನು ಅವಲಂಬಿಸಿದೆ. ಪ್ರೊಪೊಫಾಲ್ ಎಂಬ, ಹಾಲಿನಂತೆ ಬೆಳ್ಳಗಿರುವ ಔಷಧಿ ದೊಡ್ಡವರಿಗೂ ಮಕ್ಕಳಿಗೂ ಬಹಳ ಬಳಕೆಯಲ್ಲಿದೆ. ಆದರೆ ಅದು ದೇಹದ ರಕ್ತನಾಳಗಳನ್ನು ಸಡಿಲಿಸುತ್ತದೆ. ಆಗ ದೇಹದ ಕಡೆಯ ತಡೆ ಕಡಿಮೆಯಾಗಿ, ನೀಲಿ ರಕ್ತ ಅತ್ತಲೇ ಹರಿದು ಮಗು ಇನ್ನಷ್ಟು ನೀಲಿಯಾಗಬಹುದು. ಕೆಟಮಿನ್ ಹಾಗಲ್ಲ. 1960ರ ದಶಕದಲ್ಲಿ ಬಳಕೆಗೆ ಬಂದ ಈ ಹಳೆಯ ಔಷಧಿ ದೇಹದ ರಕ್ತನಾಳಗಳ ಬಿಗಿಯನ್ನು ಉಳಿಸಿಕೊಳ್ಳುತ್ತದೆ, ಉಸಿರನ್ನೂ ಹೆಚ್ಚು ಕುಗ್ಗಿಸುವುದಿಲ್ಲ. ಫ್ಯಾಲೊ ಮಕ್ಕಳಲ್ಲಿ ಇಂದಿಗೂ ಅದು ಬಹಳ ವೈದ್ಯರ ಮೊದಲ ಆಯ್ಕೆಯಾಗಿರುವುದು ಅದಕ್ಕೇ.

ಇಂತಹ ಮಗುವಿಗೆ ಸೂಜಿ ಚುಚ್ಚುವ ಮೊದಲು ನಡೆಯುವ ಒಂದು ಕೆಲಸವನ್ನು ನೀವು ಗಮನಿಸಬಹುದು. ಶುಶ್ರೂಷಕಿ ಸಲೈನ್ ಕೊಳವೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ, ಅದರೊಳಗಿನ ಗಾಳಿಯ ಗುಳ್ಳೆಗಳನ್ನು ಒಂದೂ ಬಿಡದೆ ಹೊರಗೆ ಹಾಕುತ್ತಾರೆ. ಬೇರೆಯವರ ರಕ್ತನಾಳದಲ್ಲಿ ಸಾಸಿವೆಯಷ್ಟು ಗಾಳಿ ಸೇರಿದರೆ ಅದು ಶ್ವಾಸಕೋಶದಲ್ಲಿಯೇ ತಡೆಯಲ್ಪಡುತ್ತದೆ. ಈ ಮಗುವಿನಲ್ಲಿ ಅದು ತೂತಿನ ಮೂಲಕ ದಾಟಿ ಮೆದುಳಿಗೆ ಹೋಗಬಹುದು. ಒಂದು ಲ್ಯಾಬಿನಲ್ಲಿ ಈ ಕೆಲಸ ಎಷ್ಟು ಶ್ರದ್ಧೆಯಿಂದ ನಡೆಯುತ್ತದೆ ಎಂಬುದನ್ನು ನೋಡಿಯೇ ಅಲ್ಲಿಯ ಮಕ್ಕಳ ವಿಭಾಗವನ್ನು ನಾನು ಅಳೆಯುತ್ತೇನೆ.

ಮಗು ಒಳಗೆ ಹೋಗುವ ಮೊದಲು ಅಳಬಾರದು ಎಂಬುದು ನಿಮ್ಮಷ್ಟೇ ನಮಗೂ ಮುಖ್ಯ. ಅಂಜಿಕೆ ಕಳೆಯುವ ಮಿಡಜೋಲಮ್ ಔಷಧಿಯನ್ನು ಬಾಯಿಯ ಮೂಲಕ ಕೊಟ್ಟು ಇಪ್ಪತ್ತು ಮೂವತ್ತು ನಿಮಿಷ ಕಾಯುವುದು, ಚರ್ಮವನ್ನು ಮರಗಟ್ಟಿಸುವ ಕ್ರೀಮ್ ಹಚ್ಚುವುದು, ನಿದ್ದೆ ಹತ್ತುವವರೆಗೆ ತಾಯಿಯ ತೊಡೆಯಲ್ಲೇ ಇರಿಸುವುದು, ಇವೆಲ್ಲ ಅದಕ್ಕಾಗಿಯೇ. ಅಷ್ಟಾಗಿಯೂ ನೀಲಿಯ ಸೆಳೆತ, ಅಂದರೆ ಮಗು ಹಠಾತ್ತಾಗಿ ತೀರಾ ನೀಲಿಗಟ್ಟುವುದು, ಬಂದರೆ ಮಂಡಿಗಳನ್ನು ಎದೆಗೆ ಮಡಚಿ, ಆಮ್ಲಜನಕ ಮತ್ತು ಸಲೈನ್ ಕೊಟ್ಟು, ದೇಹದ ರಕ್ತನಾಳಗಳನ್ನು ಬಿಗಿಗೊಳಿಸುವ ಔಷಧಿ ನೀಡಲಾಗುತ್ತದೆ. ಆ ಔಷಧಿಯನ್ನು ಸಿರಿಂಜಿನಲ್ಲಿ ತುಂಬಿ, ಹೆಸರು ಬರೆದು ಮೊದಲೇ ಸಿದ್ಧವಾಗಿ ಇಟ್ಟಿರುತ್ತಾರೆ. ಮನೆಯಲ್ಲಿ ನೀಲಿಯ ಸೆಳೆತಕ್ಕೆಂದು ಪ್ರೊಪ್ರನೊಲಾಲ್ ಕೊಡುತ್ತಿದ್ದರೆ ಅಂದು ಬೆಳಿಗ್ಗೆಯೂ ಕೊಡಬೇಕೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ನಾವಾಗಿಯೇ ನಿಲ್ಲಿಸುವುದು ಸರಿಯಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಮುಂದಿನ ವಾರ ಕ್ಯಾಥ್ ಲ್ಯಾಬಿನಲ್ಲಿ ಚಿಕಿತ್ಸೆ. ಈಗ ನೆಗಡಿಯಾಗಿದೆ. ಹೇಳಿದರೆ ಮುಂದೂಡುತ್ತಾರೆ ಎಂದು ಸೊಸೆ ಹೇಳುವುದು ಬೇಡ ಎನ್ನುತ್ತಾಳೆ.
— ಓದುಗರು, ಶಿರಸಿ

ಉತ್ತರ: ಖಂಡಿತ ಹೇಳಿಬಿಡಿ. ನೆಗಡಿಯಾದ ಮಗುವಿನ ಶ್ವಾಸನಾಳ ಕೆಲವು ವಾರಗಳವರೆಗೆ ಕೆರಳಿಕೊಂಡೇ ಇರುತ್ತದೆ, ನಿದ್ದೆಯಲ್ಲಿ ಗಂಟಲು ಬಿಗಿದುಕೊಂಡು ಉಸಿರು ಕಟ್ಟುವ ಸಾಧ್ಯತೆ ಹೆಚ್ಚುತ್ತದೆ. ಜ್ವರ, ಹಸಿರು ಸಿಂಬಳ, ಉಬ್ಬಸ ಇದ್ದರೆ ತುರ್ತಲ್ಲದ ಚಿಕಿತ್ಸೆಯನ್ನು ಎರಡರಿಂದ ನಾಲ್ಕು ವಾರ ಮುಂದೂಡುವುದೇ ವಾಡಿಕೆ. ಬರೀ ನೀರಿನಂತೆ ಮೂಗು ಸೋರುತ್ತಿದ್ದರೆ, ಮಗು ಆಟವಾಡಿಕೊಂಡಿದ್ದರೆ ಪರೀಕ್ಷಿಸಿ ನಿರ್ಧರಿಸುತ್ತಾರೆ. ಆದರೆ ದೊಡ್ಡ ತೂತಿನಿಂದಾಗಿ ಶ್ವಾಸಕೋಶಕ್ಕೆ ಅತಿಯಾಗಿ ರಕ್ತ ಹರಿಯುವ ಮಕ್ಕಳಿಗೆ ಕೆಮ್ಮು ನೆಗಡಿ ಬಿಡುವುದೇ ಇಲ್ಲ. ಅಂತಹವರಲ್ಲಿ ಪೂರ್ತಿ ಗುಣವಾಗಲಿ ಎಂದು ಕಾದರೆ ಆ ದಿನ ಬರುವುದೇ ಇಲ್ಲವಾದ್ದರಿಂದ, ಇರುವುದರಲ್ಲಿ ಉತ್ತಮ ದಿನವನ್ನು ನೋಡಿ ಮುಂದುವರಿಯುತ್ತಾರೆ. ಆ ತೀರ್ಮಾನ ವೈದ್ಯರದು. ಅದಕ್ಕೆ ಬೇಕಾದ ಸಂಗತಿಯನ್ನು ಮುಚ್ಚಿಡದಿರುವುದು ಮನೆಯವರ ಪಾಲಿನದು.

ಪ್ರಶ್ನೆ: ಎರಡು ವರ್ಷದ ಮಗನಿಗೆ ಎಕೋ ಮಾಡಿಸಬೇಕು. ಕಳೆದ ಬಾರಿ ಅಲ್ಲಿ ಸಿರಪ್ ಕುಡಿಸಿದ ಮೇಲೆ ಒಂದೂವರೆ ಗಂಟೆ ಕಾದೆವು. ಈ ಸಲ ಅದೇ ಸಿರಪ್ಪನ್ನು ಮೆಡಿಕಲ್ ಶಾಪಿನಿಂದ ತಂದು, ಮನೆಯಲ್ಲೇ ಕುಡಿಸಿಕೊಂಡು ಹೊರಟರೆ ತಲುಪುವ ಹೊತ್ತಿಗೆ ನಿದ್ದೆ ಹತ್ತಿರುತ್ತದಲ್ಲವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಹಾಗೆ ಎಂದಿಗೂ ಮಾಡಬೇಡಿ. ನೀವು ಹೇಳುತ್ತಿರುವುದು ಟ್ರೈಕ್ಲೋಫಾಸ್ ಸಿರಪ್ ಇರಬೇಕು. ನಮ್ಮಲ್ಲಿ ಮಕ್ಕಳ ಎಕೋಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಅದೇ. ನೋವಿಲ್ಲದ, ಅರ್ಧ ಗಂಟೆಯೊಳಗೆ ಮುಗಿಯುವ ಪರೀಕ್ಷೆಗೆ ಅದು ಒಳ್ಳೆಯ ಔಷಧಿಯೇ. ಆದರೆ ನಿಧಾನವಾಗಿ ಹತ್ತುತ್ತದೆ, ನಿಧಾನವಾಗಿ ಇಳಿಯುತ್ತದೆ, ಅದರ ಅಂಶ ಮಗುವಿನ ದೇಹದಲ್ಲಿ ಎಷ್ಟೋ ಗಂಟೆಗಳ ಕಾಲ ಉಳಿದಿರುತ್ತದೆ. ಮಕ್ಕಳನ್ನು ಮಲಗಿಸುವಾಗ ಸಂಭವಿಸಿದ ಅನಾಹುತಗಳನ್ನು ಅಮೆರಿಕದಲ್ಲಿ ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದಾಗ, ಮನೆಯಲ್ಲೇ ಔಷಧಿ ಕೊಟ್ಟ ಮಕ್ಕಳು ಹಾಗೂ ಪರೀಕ್ಷೆ ಮುಗಿಸಿ ಮರಳುವಾಗ ಕಾರಿನಲ್ಲಿ ಉಸಿರು ನಿಂತ ಮಕ್ಕಳು ಅದರಲ್ಲಿದ್ದರು. ನಮ್ಮಲ್ಲಿ ದೃಶ್ಯ ಬೇರೆ. ಗಂಡ ಸ್ಕೂಟರ್ ಓಡಿಸುತ್ತಿರುತ್ತಾರೆ, ಹಿಂದೆ ಕುಳಿತ ತಾಯಿಯ ಹೆಗಲ ಮೇಲೆ ನಿದ್ದೆಯ ಮಗು, ಅದರ ಗದ್ದ ಎದೆಗೆ ಒತ್ತಿಕೊಂಡಿರುತ್ತದೆ. ಎರಡು ವರ್ಷದ ಮಗುವಿನ ತಲೆ ದೊಡ್ಡದು, ಕತ್ತು ಮೆತ್ತಗಿನದು. ಔಷಧಿಯ ನಿದ್ದೆಯಲ್ಲಿ ತಲೆ ಹಾಗೆ ಮುಂದಕ್ಕೆ ಬಾಗಿದರೆ ಶ್ವಾಸನಾಳ ಮಡಚಿಕೊಳ್ಳುತ್ತದೆ, ಸದ್ದು ಕೂಡ ಆಗುವುದಿಲ್ಲ, ಗಾಳಿಯಲ್ಲಿ ತಾಯಿಗೆ ತಿಳಿಯುವುದೂ ಇಲ್ಲ.

ಆದ್ದರಿಂದ ಆಸ್ಪತ್ರೆಯಲ್ಲೇ ಕುಡಿಸಿ, ಅಲ್ಲಿಯೇ ಕಾಯಿರಿ. ಹಿಂದಿನ ರಾತ್ರಿ ಸ್ವಲ್ಪ ತಡವಾಗಿ ಮಲಗಿಸಿ ಬೇಗ ಎಬ್ಬಿಸಿದರೆ ಔಷಧಿ ಬೇಗ ಹತ್ತುತ್ತದೆ, ದಾರಿಯಲ್ಲಿ ಮಾತ್ರ ನಿದ್ದೆ ಮಾಡದಂತೆ ನೋಡಿಕೊಳ್ಳಿ. ಸಿರಪ್ ಉಗಿದರೆ ಎರಡನೆಯ ಬಾರಿ ಎಷ್ಟು ಕೊಡಬೇಕೆಂಬುದನ್ನು ಅವರೇ ಹೇಳಲಿ. ಈಗ ಕೆಲವೆಡೆ ಡೆಕ್ಸ್‌ಮೆಡಿಟಮಿಡಿನ್ ಎಂಬ ಔಷಧಿಯನ್ನು ಮೂಗಿಗೆ ಹನಿಸಿಯೂ ಮಲಗಿಸುತ್ತಾರೆ. ಅದರ ನಿದ್ದೆ ಸಹಜ ನಿದ್ದೆಗೆ ಹತ್ತಿರವಾದದ್ದು, ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ಆದರೆ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಬಡಿತದ ತೊಂದರೆಯಿರುವ ಮಕ್ಕಳಿಗೆ ಅದನ್ನು ಯೋಚಿಸಿಯೇ ಕೊಡಬೇಕು. ಯಾವ ಔಷಧಿಯಾದರೂ ಸರಿ, ನಿದ್ದೆ ಹತ್ತಿದ ಮಗುವಿನ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಇರಬೇಕು, ಎಕೋ ಮಾಡುವವರನ್ನು ಬಿಟ್ಟು ಇನ್ನೊಬ್ಬರು ಮಗುವನ್ನೇ ನೋಡುತ್ತಿರಬೇಕು, ಆಮ್ಲಜನಕ, ಮಾಸ್ಕ್, ಜೊಲ್ಲು ಎಳೆಯುವ ಯಂತ್ರ ಕೈಯಳತೆಯಲ್ಲಿರಬೇಕು. ‘ಇವನನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ನೀವು ಕೇಳಿದಾಗ ಒಬ್ಬರತ್ತ ಬೆರಳು ತೋರಿಸುವಂತಿದ್ದರೆ ಸಾಕು.

ಪ್ರಶ್ನೆ: ಶಾಲೆಗೆ ಬಂದ ಆರೋಗ್ಯ ತಪಾಸಣೆ ತಂಡದವರು ಮಗಳ ಎದೆಯಲ್ಲಿ ಸದ್ದಿದೆ ಎಂದು ಕಳುಹಿಸಿದರು. ಆರು ವರ್ಷ. ಕೆಳಗಿನ ಕೋಣೆಗಳ ನಡುವೆ ದೊಡ್ಡ ತೂತಿದ್ದು, ಶ್ವಾಸಕೋಶದ ಒತ್ತಡ ಏರಿದೆ, ಆಪರೇಷನ್ ಮಾಡಬಹುದೇ ಇಲ್ಲವೇ ಎಂದು ತಿಳಿಯಲು ಕ್ಯಾಥ್ ಪರೀಕ್ಷೆ ಬೇಕು ಎಂದಿದ್ದಾರೆ. ನಿದ್ದೆಯ ಔಷಧಿಯಿಂದ ಪರೀಕ್ಷೆಯ ಲೆಕ್ಕವೇ ಬದಲಾಗಬಹುದು ಎಂದು ಒಬ್ಬ ವೈದ್ಯರು ಹೇಳಿದರು. ಹಾಗಾದರೆ ಆ ಪರೀಕ್ಷೆಯನ್ನು ನಂಬುವುದು ಹೇಗೆ?
— ಒಬ್ಬ ತಂದೆ, ಕಲಬುರಗಿ ಜಿಲ್ಲೆ

ಉತ್ತರ: ಬಹಳ ಸೂಕ್ಷ್ಮವಾದ ಪ್ರಶ್ನೆ. ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು.

ದೊಡ್ಡ ತೂತನ್ನು ಶೈಶವದಲ್ಲೇ ಮುಚ್ಚದಿದ್ದರೆ ಶ್ವಾಸಕೋಶದ ರಕ್ತನಾಳಗಳು ವರ್ಷಗಟ್ಟಲೆ ಅತಿಯಾದ ಹರಿವನ್ನು ತಡೆದುಕೊಂಡು ದಪ್ಪಗಾಗುತ್ತವೆ. ಒಂದು ಮಿತಿಯವರೆಗೆ ತೂತು ಮುಚ್ಚಿದ ಮೇಲೆ ಅವು ಸುಧಾರಿಸುತ್ತವೆ. ಮಿತಿ ಮೀರಿದ್ದರೆ ತೂತು ಮುಚ್ಚುವುದೇ ಮಗುವಿಗೆ ಮುಳುವಾಗುತ್ತದೆ. ಆ ಮಿತಿಯನ್ನು ಕಂಡುಕೊಳ್ಳಲು ಕ್ಯಾಥ್ ಲ್ಯಾಬಿನಲ್ಲಿ ಒತ್ತಡವನ್ನೂ, ಬೇರೆ ಬೇರೆ ಕೋಣೆಗಳ ರಕ್ತದ ಆಮ್ಲಜನಕವನ್ನೂ ಅಳೆದು, ಶ್ವಾಸಕೋಶದ ರಕ್ತನಾಳಗಳ ತಡೆ ಎಷ್ಟು ಎಂಬ ಸಂಖ್ಯೆಯನ್ನು ಲೆಕ್ಕ ಹಾಕುತ್ತಾರೆ. ವುಡ್ ಯೂನಿಟ್ ಎಂಬ ಮಾನದಲ್ಲಿ, ದೇಹದ ಗಾತ್ರಕ್ಕೆ ಹೊಂದಿಸಿದ ಆ ಸಂಖ್ಯೆ 4ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡಬಹುದು. 8ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ. ನಡುವಿನ ಮಕ್ಕಳ ವಿಷಯದಲ್ಲಿ ತಂಡದವರು ಕೂತು ಚರ್ಚಿಸಬೇಕಾಗುತ್ತದೆ.

ಶ್ವಾಸಕೋಶದ ರಕ್ತನಾಳಗಳು ಉಸಿರಿಗೆ ತಕ್ಷಣ ಸ್ಪಂದಿಸುತ್ತವೆ ಎಂಬುದೇ ಇಲ್ಲಿಯ ತೊಡಕು. ನಿದ್ದೆ ಆಳವಾಗಿ ಮಗುವಿನ ಉಸಿರಾಟ ಕುಗ್ಗಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಆ ರಕ್ತನಾಳಗಳು ಬಿಗಿಯುತ್ತವೆ, ತಡೆ ಇರುವುದಕ್ಕಿಂತ ಹೆಚ್ಚೆಂದು ತೋರುತ್ತದೆ. ಆಪರೇಷನ್ ಮಾಡಬಹುದಾದ ಮಗುವನ್ನು ‘ಆಗುವುದಿಲ್ಲ’ ಎಂದು ಮನೆಗೆ ಕಳುಹಿಸಿದಂತಾಗಬಹುದು. ಭಯಪಟ್ಟು ಮಾಸ್ಕಿನಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟರೆ ಇದಕ್ಕೆ ತದ್ವಿರುದ್ಧ, ರಕ್ತನಾಳಗಳು ಸಡಿಲಗೊಂಡು ಸಂಖ್ಯೆ ಇಳಿಯುತ್ತದೆ, ಮಾಡಬಾರದ ಮಗುವಿಗೆ ಆಪರೇಷನ್ ಮಾಡುವ ಅಪಾಯ ಎದುರಾಗುತ್ತದೆ. ಅರಿವಳಿಕೆ ತಜ್ಞರ ಕೈಯಲ್ಲಿ ಮಗುವಿನ ನಿದ್ದೆಯ ಜೊತೆಗೆ ಆ ತೀರ್ಪಿನ ಒಂದು ಭಾಗವೂ ಇದೆ ಎಂದು ನಾನು ಹೇಳುವುದು ಇದರಿಂದಾಗಿ.

ಪರೀಕ್ಷೆಯನ್ನು ನಂಬಬಹುದು, ಅದನ್ನು ನಡೆಸುವ ಕ್ರಮ ಸರಿಯಿದ್ದರೆ. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಪ್ರತಿ ಉಸಿರಿಗೂ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರವೊಂದಿದೆ. ಜೊತೆಗೆ ರಕ್ತದ ಮಾದರಿಯಲ್ಲೂ ಅದನ್ನು ಅಳೆದು, ಸಾಮಾನ್ಯ ಮಟ್ಟದೊಳಗೇ, 35ರಿಂದ 40 ಮಿ.ಮೀ. ಪಾದರಸದ ಸುತ್ತ ನಿಲ್ಲಿಸುತ್ತಾರೆ. ಇಂತಹ ಮಕ್ಕಳಲ್ಲಿ ನಳಿಕೆ ಹಾಕಿ ಉಸಿರಾಟವನ್ನು ಯಂತ್ರಕ್ಕೆ ವಹಿಸುವುದನ್ನು ಅನೇಕರು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಮೊದಲ ಅಳತೆಗಳನ್ನು ಕೋಣೆಯ ಸಾಮಾನ್ಯ ಗಾಳಿಯಲ್ಲೇ ತೆಗೆದುಕೊಳ್ಳುತ್ತಾರೆ. ಅನಂತರ ನೂರಕ್ಕೆ ನೂರು ಆಮ್ಲಜನಕ, ಇರುವ ಕಡೆ ನೈಟ್ರಿಕ್ ಆಕ್ಸೈಡ್ ಅನಿಲವನ್ನೂ ಕೊಟ್ಟು ಇನ್ನೊಮ್ಮೆ ಅಳೆದು, ರಕ್ತನಾಳಗಳು ಇನ್ನೂ ಸಡಿಲಗೊಳ್ಳಬಲ್ಲವೇ ಎಂದು ನೋಡುತ್ತಾರೆ. ವರದಿಯಲ್ಲಿ ಎರಡೂ ಸಂಖ್ಯೆಗಳು, ಆಗ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಎಂಬುದೂ ದಾಖಲಾಗಿರಬೇಕು. ಎರಡನೆಯ ಅಭಿಪ್ರಾಯಕ್ಕೆ ಹೋಗುವುದಾದರೆ ಆ ಹಾಳೆಯನ್ನು ಮರೆಯದೆ ತೆಗೆದುಕೊಂಡು ಹೋಗಿ. ಕೇವಲ ಒಂದು ಸಂಖ್ಯೆಯಿಂದಲ್ಲದೆ ಮಗುವಿನ ವಯಸ್ಸು, ಆಮ್ಲಜನಕದ ಮಟ್ಟ, ಎಕ್ಸ್‌ರೇ, ಎಕೋ ಎಲ್ಲವನ್ನೂ ಕೂಡಿಸಿಯೇ ತೀರ್ಮಾನಿಸುತ್ತಾರೆ ಎಂಬುದೂ ನಿಮಗೆ ಧೈರ್ಯ ಕೊಡಲಿ.

ಈ ಪರೀಕ್ಷೆಯಲ್ಲಿ ಅಪಾಯವಿಲ್ಲ ಎನ್ನಲಾರೆ. ಒತ್ತಡ ಏರಿರುವ ಮಕ್ಕಳಲ್ಲಿ, ಅಳು, ನೋವು ಅಥವಾ ಉಸಿರುಕಟ್ಟುವಿಕೆಯಿಂದ ಆ ರಕ್ತನಾಳಗಳು ಹಠಾತ್ತಾಗಿ ಬಿಗಿದು ಹೃದಯದ ಬಲಭಾಗ ಸೋಲುವ ಸಂಭವವಿದೆ. ಸಾಮಾನ್ಯ ಕ್ಯಾಥ್‌ಗಿಂತ ಇದು ಹೆಚ್ಚು ಅಪಾಯದ ಪರೀಕ್ಷೆ. ಆದ್ದರಿಂದ ಮಕ್ಕಳ ಹೃದ್ರೋಗ ತಜ್ಞರು, ಮಕ್ಕಳ ಹೃದಯದ ಅರಿವಳಿಕೆಯಲ್ಲಿ ಪಳಗಿದವರು, ತೀವ್ರ ನಿಗಾ ಘಟಕ ಮೂರೂ ಒಂದೇ ಕಡೆ ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಶಾಲೆಗೆ ಬಂದಿದ್ದ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದಾಗಿರಬೇಕು. 2013ರಲ್ಲಿ ಆರಂಭವಾದ ಆ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ಹೃದಯದ ತೊಂದರೆಗಳೂ ಸೇರಿವೆ. ಅವರ ಚೀಟಿಯನ್ನು ಜೋಪಾನವಾಗಿಡಿ, ಚಿಕಿತ್ಸೆಯ ವೆಚ್ಚದ ವಿಷಯದಲ್ಲಿ ಅದು ನೆರವಿಗೆ ಬರುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಮಕ್ಕಳ ಹೃದ್ರೋಗ ವಿಭಾಗವಿದೆ. ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆಗೆ ಹಣ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಮಗುವಿಗೆ ಒಂದೂವರೆ ವರ್ಷದೊಳಗೆ ಎರಡು ಬಾರಿ ಅರಿವಳಿಕೆ ಕೊಟ್ಟಾಗಿದೆ. ಇದರಿಂದ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ನಿಜವೇ?
— ಒಬ್ಬ ತಾಯಿ, ತುಮಕೂರು

ಉತ್ತರ: ನೀವು ಓದಿದ ಸುದ್ದಿಗೆ ಮೂಲವಿದೆ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಪದೇ ಪದೇ ಅರಿವಳಿಕೆ ಕೊಟ್ಟರೆ ಮೆದುಳಿನ ಬೆಳವಣಿಗೆಯ ಮೇಲೆ ಪರಿಣಾಮವಾಗಬಹುದು ಎಂದು ಎಚ್ಚರಿಸಿತು. ಎಳೆಯ ಇಲಿ, ಮಂಗಗಳ ಮೇಲೆ ನಡೆದ ಪ್ರಯೋಗಗಳು ಅದಕ್ಕೆ ಮುಖ್ಯ ಆಧಾರ. ಮನುಷ್ಯರ ಕಡೆಯಿಂದ ನಮಗಿರುವ ಗಟ್ಟಿ ಸಾಕ್ಷ್ಯ ಸಮಾಧಾನಕರವಾಗಿದೆ. ಏಳು ದೇಶಗಳಲ್ಲಿ 722 ಹಸುಗೂಸುಗಳನ್ನು ಸೇರಿಸಿಕೊಂಡ ಅಧ್ಯಯನವೊಂದರಲ್ಲಿ, ಹರ್ನಿಯಾ ಆಪರೇಷನ್‌ಗಾಗಿ ಒಂದು ಗಂಟೆಯೊಳಗಿನ ಅರಿವಳಿಕೆ ಪಡೆದವರಿಗೂ, ಎಚ್ಚರವಿದ್ದಂತೆಯೇ ಸೊಂಟದ ಕೆಳಭಾಗವನ್ನು ಮಾತ್ರ ಮರಗಟ್ಟಿಸಿಕೊಂಡವರಿಗೂ ಐದು ವರ್ಷ ವಯಸ್ಸಿನಲ್ಲಿ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದರ ಅಂತಿಮ ಫಲಿತಾಂಶ ಪ್ರಕಟವಾದದ್ದು 2019ರಲ್ಲಿ.

ಹೃದಯದ ತೊಂದರೆಯಿರುವ ಮಕ್ಕಳಲ್ಲಿ ಕಡಿಮೆ ಆಮ್ಲಜನಕ, ಕುಂದಿದ ತೂಕ, ಆಸ್ಪತ್ರೆಯ ವಾಸ ಇವೂ ಮೆದುಳಿನ ಬೆಳವಣಿಗೆಯನ್ನು ಹಿಂದಕ್ಕೆ ಎಳೆಯುತ್ತವೆ. ಆದ್ದರಿಂದ ಅರಿವಳಿಕೆಯ ಭಯದಿಂದ ಬೇಕಾದ ಚಿಕಿತ್ಸೆಯನ್ನು ತಡಮಾಡುವುದು ಲಾಭವಲ್ಲ. ನೀವು ಕೇಳಬಹುದಾದ ಒಂದು ವಿಷಯವಿದೆ. ಮುಂದೆ ಸಿ.ಟಿ. ಮತ್ತು ಎಕೋ, ಅಥವಾ ಕ್ಯಾಥ್ ಮತ್ತು ಹಲ್ಲಿನ ಚಿಕಿತ್ಸೆ ಬೇಕಾದರೆ ಒಂದೇ ಬಾರಿ ಮಲಗಿಸಿದಾಗ ಎರಡನ್ನೂ ಮುಗಿಸಲು ಸಾಧ್ಯವೇ ಎಂದು ವಿಚಾರಿಸಿ. ಎಷ್ಟೋ ಬಾರಿ ಸಾಧ್ಯವಿರುತ್ತದೆ, ಕೇಳುವವರಿಲ್ಲದೆ ಉಳಿದುಬಿಡುತ್ತದೆ.

ಪ್ರಶ್ನೆ: ನಮ್ಮ ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಹೃದಯದಲ್ಲೂ ತೂತಿದೆ. ಅರಿವಳಿಕೆಯಲ್ಲಿ ಬೇರೆ ಎಚ್ಚರಿಕೆ ಬೇಕೇ?
— ಓದುಗರು, ಮಂಡ್ಯ

ಉತ್ತರ: ಬೇಕು. ಇಂತಹ ಮಕ್ಕಳ ನಾಲಗೆ ದಪ್ಪ, ಶ್ವಾಸನಾಳ ವಯಸ್ಸಿಗಿಂತ ಕಿರಿದು, ಸ್ನಾಯುಗಳು ಸಡಿಲ. ನಿದ್ದೆಯಲ್ಲಿ ಉಸಿರಿನ ದಾರಿ ಬೇಗ ಮುಚ್ಚಿಕೊಳ್ಳುತ್ತದೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತದೆಯೇ, ಮಧ್ಯೆ ಉಸಿರು ನಿಂತು ಮತ್ತೆ ಏಳುತ್ತದೆಯೇ ಎಂಬುದನ್ನು ತಪ್ಪದೆ ಹೇಳಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಮಾಸ್ಕಿನಲ್ಲಿ ಸೆವೋಫ್ಲುರೇನ್ ಎಂಬ ಅರಿವಳಿಕೆ ಅನಿಲ ಕೊಡುವಾಗ ಇವರ ಹೃದಯದ ಬಡಿತ ಇಳಿಯುವುದು ಸಾಮಾನ್ಯ, ಅದಕ್ಕೆ ಔಷಧಿ ಸಿದ್ಧವಿರುತ್ತದೆ. ಕತ್ತಿನ ಮೇಲಿನ ಮೂಳೆಗಳು ಸಡಿಲವಾಗಿರಬಹುದಾದ್ದರಿಂದ ತಲೆಯನ್ನು ಹೆಚ್ಚು ಹಿಂದಕ್ಕೆ ಬಾಗಿಸುವುದಿಲ್ಲ. ಥೈರಾಯ್ಡ್ ಪರೀಕ್ಷೆಯ ಹಳೆಯ ವರದಿಯಿದ್ದರೆ ತನ್ನಿ. ಪ್ರಸಂಗ ಬಂದದ್ದರಿಂದ ಇನ್ನೊಂದು ಮಾತು: ವಿಲಿಯಮ್ಸ್ ಸಿಂಡ್ರೋಮ್ ಎಂಬ ಅಪರೂಪದ ಸ್ಥಿತಿಯ ಮಕ್ಕಳು ಎಲ್ಲರೊಡನೆ ನಗುನಗುತ್ತಾ ಬೆರೆಯುತ್ತಾರೆ, ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಅವರಲ್ಲಿ ಮಹಾಪಧಮನಿಯ ಜೊತೆಗೆ ಹೃದಯಕ್ಕೆ ರಕ್ತ ಪೂರೈಸುವ ನಾಳಗಳೂ ಕಿರಿದಾಗಿರಬಹುದಾದ್ದರಿಂದ, ಸಣ್ಣ ಪರೀಕ್ಷೆಗೆ ಮಲಗಿಸುವಾಗಲೂ ಹಠಾತ್ ಹೃದಯ ನಿಲುಗಡೆಯ ಅಪಾಯವಿದೆ. ಆ ಹೆಸರು ಮಗುವಿನ ಕಡತದಲ್ಲಿದ್ದರೆ ಹಲ್ಲಿನ ವೈದ್ಯರಿಗೂ ಹೇಳಬೇಕು.

ಪ್ರಶ್ನೆ: ಚಿಕಿತ್ಸೆ ಮುಗಿದ ಮೇಲೆ ಮಗು ಎದ್ದು ಹೇಗಿರುತ್ತದೆ? ಮನೆಗೆ ಹೋದ ಮೇಲೆ ಏನನ್ನು ಗಮನಿಸಬೇಕು?
— ಓದುಗರು, ಹುಬ್ಬಳ್ಳಿ

ಉತ್ತರ: ಅರಿವಳಿಕೆಯಿಂದ ಏಳುವಾಗ ಕೆಲವು ಮಕ್ಕಳು, ಮುಖ್ಯವಾಗಿ ಎರಡರಿಂದ ಐದು ವರ್ಷದವರು, ತಾಯಿಯನ್ನೂ ಗುರುತಿಸದೆ ಹತ್ತಿಪ್ಪತ್ತು ನಿಮಿಷ ರಂಪ ಮಾಡುತ್ತಾರೆ. ಅದು ತಾನಾಗಿ ಇಳಿಯುತ್ತದೆ, ಮಗುವಿಗೆ ನೆನಪಿರುವುದೂ ಇಲ್ಲ. ಕಷ್ಟವೆಂದರೆ, ಅದೇ ಹೊತ್ತಿಗೆ ತೊಡೆಸಂದಿನ ಗಾಯದಿಂದ ರಕ್ತ ಬರದಂತೆ ಕಾಲನ್ನು ನೆಟ್ಟಗೆ ಇಡಬೇಕಾಗಿರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ. ಆದ್ದರಿಂದ ಬೇಗ ಎಬ್ಬಿಸಿ ಎಂದು ಒತ್ತಾಯಿಸಬೇಡಿ, ನಿಧಾನವಾಗಿ ಏಳುವುದೇ ಆ ಕಾಲಿಗೆ ಒಳ್ಳೆಯದು.

ಎದ್ದ ಮೇಲೆ ಮೊದಲು ನೀರು, ಅದು ವಾಂತಿಯಾಗದೆ ಹೊಟ್ಟೆಯಲ್ಲಿ ನಿಂತರೆ ಹಾಲು ಅಥವಾ ಗಂಜಿ. ಮನೆಗೆ ಹೊರಡುವ ಮೊದಲು ಮಗು ತಾನಾಗಿ ಎಚ್ಚರವಾಗಿರಬೇಕು, ಆಮ್ಲಜನಕದ ಮಟ್ಟ ಮೊದಲಿನಷ್ಟೇ ಇರಬೇಕು, ವಯಸ್ಸಿಗೆ ತಕ್ಕಂತೆ ಕೂರಲು ಅಥವಾ ಮಾತಾಡಲು ಬರುವಂತಿರಬೇಕು. ಡಿವೈಸ್ ಹಾಕಿದ ಮಕ್ಕಳನ್ನು ಸಾಮಾನ್ಯವಾಗಿ ಒಂದು ರಾತ್ರಿ ಇರಿಸಿಕೊಳ್ಳುತ್ತಾರೆ. ಅಂದಿನ ದಿನ ಸೈಕಲ್, ಜೋಕಾಲಿ, ಮೆಟ್ಟಿಲು ಬೇಡ. ಗಾಯದಿಂದ ರಕ್ತ ಒಸರಿದರೆ ಮಗುವನ್ನು ಮಲಗಿಸಿ, ಶುಭ್ರವಾದ ಬಟ್ಟೆಯ ಮೇಲಿಂದ ಬೆರಳುಗಳಿಂದ ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆರೆದು ನೋಡಬೇಡಿ, ಒತ್ತಿಕೊಂಡೇ ಆಸ್ಪತ್ರೆಗೆ ಕರೆ ಮಾಡಿಸಿ. ಎರಡೂ ಪಾದಗಳನ್ನು ಮುಟ್ಟಿ ನೋಡಿ. ಚುಚ್ಚಿದ ಕಡೆಯ ಪಾದ ಇನ್ನೊಂದಕ್ಕಿಂತ ತಣ್ಣಗಿದ್ದರೆ ಅಥವಾ ಬಿಳುಚಿದ್ದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಕರೆತನ್ನಿ.